‘ಸೋರಿಕೆ’, ‘ಒಸರು’, ‘ನಾಳವ್ರಣ’: ಶಸ್ತ್ರವೈದ್ಯರೊಬ್ಬರ ಸಂಶೋಧನೆಗೆ ಕನ್ನಡ ಪದ ಬೇಕು

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಹುಬ್ಬಳ್ಳಿಯ ಹಿರಿಯ ಶಸ್ತ್ರವೈದ್ಯರೊಬ್ಬರಿಗೆ ಅವರ ಶಿಷ್ಯರು ಅಭಿನಂದನ ಗ್ರಂಥ ತರುತ್ತಿದ್ದಾರೆ. ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್), ಲಿವರ್, ಪಿತ್ತನಾಳ ಈ ಮೂರರ ರೋಗಗಳಲ್ಲೇ ಅವರ ಆಯುಷ್ಯ ಕಳೆದಿದೆ. ಅವರ ಸಂಶೋಧನೆಯ ಭಾಗವನ್ನು ತಿದ್ದಿಕೊಡುವ ಕೆಲಸ ನನಗೆ ಬಂದಿದೆ. ಬರೆದವರೆಲ್ಲ ಡಾಕ್ಟರುಗಳು, ಒಬ್ಬೊಬ್ಬರದು ಒಂದೊಂದು ಪದ. ಸಣ್ಣ ತಕರಾರುಗಳನ್ನು ಮೊದಲು ಮುಗಿಸಿಬಿಡುತ್ತೇನೆ.

ಒಂದು, ‘ಪಿತ್ತಕೋಶ’. ಕೆಲವರಿಗೆ ಇದು ಪಿತ್ತರಸ ಶೇಖರವಾಗುವ ಚೀಲ, ಪತ್ರಿಕೆಗಳಲ್ಲಿ ಎಷ್ಟೋ ಸಲ ಲಿವರೇ ಪಿತ್ತಕೋಶ. ಕರಡಿನ ಒಂದು ಪುಟದಲ್ಲಿ ‘ಪಿತ್ತಕೋಶ ತೆಗೆದ ಮರುದಿನ ರೋಗಿ ಮನೆಗೆ ಹೋದರು’ ಎಂದಿದೆ, ಮುಂದಿನ ಅಧ್ಯಾಯದಲ್ಲಿ ‘ಪಿತ್ತಕೋಶದ ಕಸಿ’. ಓದಿದವರು ಲಿವರ್ ಕಿತ್ತು ಮನೆಗೆ ಕಳಿಸಿದರೇ ಎಂದು ಗಾಬರಿಯಾದಾರು. ಸಾಲದ್ದಕ್ಕೆ ‘ಯಕೃತ್ ಕೋಶ’ ಎಂದರೆ ಲಿವರಿನ ಜೀವಕೋಶ, ಗ್ರಂಥದ ಕೊನೆಗೆ ‘ಪದಕೋಶ’ ಬೇರೆ! ಚೀಲಕ್ಕೆ ‘ಪಿತ್ತಾಶಯ’, ಅಂಗಕ್ಕೆ ‘ಯಕೃತ್ತು’ ಎಂದು ಗೆರೆ ಎಳೆದಿದ್ದೇನೆ. ರೋಗಿಗಳು ಮಾತಾಡುವ ಕಡೆ ‘ಲಿವರ್’ ಎಂದೇ ಬಿಟ್ಟಿದ್ದೇನೆ, ‘ನನ್ನ ಯಕೃತ್ತು ಕೆಟ್ಟದ’ ಅಂತ ಯಾರೂ ಅನ್ನುವುದಿಲ್ಲ. ‘ಮೇದೋಜೀರಕ’ದ ಬಗ್ಗೆಯೂ ಒಬ್ಬರು ಎತ್ತಿದರು: ಹೆಸರು ಬರೀ ಮೇದಸ್ಸು ಕರಗಿಸುವ ಕೆಲಸ ಹೇಳುತ್ತದೆ, ಅದೇ ಗ್ರಂಥಿ ಮಾಡುವ ಇನ್ಸುಲಿನ್ ಮಾತು ಎಲ್ಲಿ ಹೋಯಿತು ಎಂದು. ಮರಾಠಿಯ ‘ಸ್ವಾದುಪಿಂಡ’, ಹಿಂದಿಯ ‘ಅಗ್ನ್ಯಾಶಯ’ ಕೂಡ ಪೂರ್ತಿ ಹೇಳುವುದಿಲ್ಲ. ರೂಢಿಯಾದ ಪದ, ಇರಲಿ.

ಎರಡು, ಲಿವರಿನ ಪಾಲುಗಳು. ಇದು ಕನ್ನಡದ ತೊಂದರೆ ಅಷ್ಟೇ ಅಲ್ಲ. ಫ್ರಾನ್ಸಿನ ಕೂಯಿನೋ 1950ರ ದಶಕದಲ್ಲಿ ರಕ್ತನಾಳ, ಪಿತ್ತನಾಳ ಕವಲೊಡೆಯುವ ರೀತಿ ನೋಡಿ ಲಿವರನ್ನು ಎಂಟು ಪಾಲು ಮಾಡಿ ನಂಬರು ಕೊಟ್ಟರು. ಆಮೇಲೂ ‘ಎಡ ಲೋಬೆಕ್ಟಮಿ’ (ಎಡಭಾಗ ಕತ್ತರಿಸಿ ತೆಗೆಯುವುದು) ಎಂದರೆ ಅಮೆರಿಕದವರಿಗೆ ಎರಡು, ಮೂರು, ನಾಲ್ಕನೇ ಪಾಲು ತೆಗೆಯುವುದು, ಫ್ರೆಂಚರಿಗೆ ಬರೀ ಎರಡು ಮತ್ತು ಮೂರು. ಕೊನೆಗೆ 2000ದಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಸೇರಿದ ಈ ಕ್ಷೇತ್ರದ ವೈದ್ಯರ ಅಂತಾರಾಷ್ಟ್ರೀಯ ಸಂಘ ಹೆಸರುಗಳನ್ನು ಗೊತ್ತು ಮಾಡಿತು. ನಮ್ಮ ಕರಡಿನಲ್ಲಿ ಎಲ್ಲವೂ ‘ಭಾಗ’. ಕಿವಿಹಾಲೆಯ ‘ಹಾಲೆ’ಯನ್ನು ಮೇಲಿನಿಂದ ಕಣ್ಣಿಗೆ ಕಾಣುವ ಭಾಗಕ್ಕೆ, ‘ವಿಭಾಗ’ ಹಾಲೆಗೂ ಖಂಡಕ್ಕೂ ನಡುವಿನದಕ್ಕೆ, ‘ಖಂಡ’ ಕೂಯಿನೋ ನಂಬರಿನದಕ್ಕೆ ಎಂದು ಇಟ್ಟುಕೊಂಡಿದ್ದೇನೆ. ತಕರಾರಿದ್ದರೆ ಹೇಳಿ.

ಈಗ ನಿಜವಾದ ಗಂಟು.

ನಮ್ಮ ಡಾಕ್ಟರು ಬಹಳ ವರ್ಷ ಬೆನ್ನು ಹತ್ತಿದ್ದು ವಿಪಲ್ ಆಪರೇಶನ್ ನಂತರ ಆಗುವ ಸೋರಿಕೆಯನ್ನು. ಬರ್ಲಿನ್ನಿನ ಕೌಶ್ 1909ರಲ್ಲಿ ಮಾಡಿದ್ದನ್ನು 1935ರಲ್ಲಿ ಅಮೆರಿಕದ ವಿಪಲ್ ಮುಂದಕ್ಕೆ ತಂದರು, ಹೆಸರು ಅವರದೇ ಉಳಿಯಿತು. ಮೇದೋಜೀರಕದ ತಲೆ, ಅದನ್ನು ಸುತ್ತಿಕೊಂಡ ಸಣ್ಣ ಕರುಳಿನ ಮೊದಲ ಸುತ್ತು, ಪಿತ್ತಾಶಯ, ಪಿತ್ತನಾಳದ ಕೆಳತುದಿ ಇಷ್ಟನ್ನೂ ತೆಗೆಯಬೇಕು. ಆಮೇಲೆ ಉಳಿದ ಮೇದೋಜೀರಕ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯಬೇಕು. ಕೈಕೊಡುವುದು ಹೆಚ್ಚಾಗಿ ಮೊದಲನೆಯ ಹೊಲಿಗೆ. ಆರೋಗ್ಯವಾಗಿರುವ ಮೇದೋಜೀರಕ ಬಹಳ ಮೆತ್ತಗೆ, ದಾರ ಜಗ್ಗಿದರೆ ಹರಿಯುತ್ತದೆ, ಒಳಗಿನ ನಾಳ ಮೂರು ಮಿಲಿಮೀಟರಿಗಿಂತ ಸಣ್ಣದಿದ್ದರೆ ಇನ್ನೂ ಕಷ್ಟ. ಹಳೆಯ ಉರಿಯೂತದಿಂದ ಗಟ್ಟಿಯಾದ ಗ್ರಂಥಿಯಲ್ಲೇ ಹೊಲಿಗೆ ಚೆನ್ನಾಗಿ ನಿಲ್ಲುವುದು! ಹೊರಬಂದ ರಸ ಅನ್ನ ಕರಗಿಸುವ ಹಾಗೆಯೇ ಅಕ್ಕಪಕ್ಕದ ಮಾಂಸವನ್ನೂ ರಕ್ತನಾಳದ ಗೋಡೆಯನ್ನೂ ಕರಗಿಸುತ್ತದೆ. ‘ಸಿಕ್ಕಾಗ ಉಣ್ಣು, ಸಿಕ್ಕಾಗ ಮಲಗು, ಪ್ಯಾಂಕ್ರಿಯಾಸ್ ತಂಟೆಗೆ ಮಾತ್ರ ಹೋಗಬೇಡ’ ಅಂತ ಸರ್ಜನ್ನರಲ್ಲಿ ಒಂದು ಹಳೆಯ ಮಾತೇ ಇದೆಯಂತೆ.

ಆದರೆ ಯಾವುದನ್ನು ಸೋರಿಕೆ ಎನ್ನಬೇಕು? ಇಷ್ಟು ವರ್ಷದ ಸಂಶೋಧನೆಯಲ್ಲಿ ಜಗಳ ಇದ್ದದ್ದೇ ಇಲ್ಲಿ. ಒಂದು ಆಸ್ಪತ್ರೆ ಇಂತಿಷ್ಟು ಮಿಲಿಲೀಟರ್ ಬಂದರೆ ಎಂದು ಲೆಕ್ಕ ಹಿಡಿದರೆ, ಇನ್ನೊಂದು ಇಷ್ಟು ದಿನ ಬಂದರೆ ಎಂದಿತು. ಇಟಲಿಯ ವೆರೋನಾದವರು ಒಂದೇ ಗುಂಪಿನ ರೋಗಿಗಳಿಗೆ ನಾಲ್ಕು ವ್ಯಾಖ್ಯೆ ಹಚ್ಚಿ ನೋಡಿ 2004ರಲ್ಲಿ ಪ್ರಕಟಿಸಿದರು: ಒಂದರ ಪ್ರಕಾರ ನೂರಕ್ಕೆ ಸುಮಾರು 10 ಜನರಿಗೆ ಸೋರಿದೆ, ಮತ್ತೊಂದರ ಪ್ರಕಾರ 28. ರೋಗಿಗಳು ಅವರೇ, ಹೊಲಿದ ಕೈಗಳೂ ಅವೇ. 2005ರಲ್ಲಿ ಅಂತಾರಾಷ್ಟ್ರೀಯ ಅಧ್ಯಯನ ಗುಂಪು ಒಂದು ಗೆರೆ ಹಾಕಿತು. ಆಪರೇಶನ್ ಆದ ಮೂರನೇ ದಿನ ಅಥವಾ ಆಮೇಲೆ ಡ್ರೇನಿನ ನಳಿಗೆಯಲ್ಲಿ (ಹೊಟ್ಟೆಯೊಳಗಿನ ನೀರು ಹೊರಬರಲೆಂದು ಇಟ್ಟದ್ದು) ಬಂದ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ, ರಕ್ತದಲ್ಲಿರಬಹುದಾದ ಗರಿಷ್ಠ ಪ್ರಮಾಣದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅದು ಫಿಸ್ಟುಲಾ, ಅಂದರೆ ರಸ ತಪ್ಪುದಾರಿಯಲ್ಲಿ ಹೊರಹರಿಯುವುದು. ಎ, ಬಿ, ಸಿ ಮೂರು ದರ್ಜೆ. 2016ರ ತಿದ್ದುಪಡಿಯಲ್ಲಿ ‘ಎ’ ದರ್ಜೆಯನ್ನು ಫಿಸ್ಟುಲಾ ಪಟ್ಟಿಯಿಂದಲೇ ತೆಗೆದರು. ರೋಗಿಗೆ ಯಾವ ಬಾಧೆಯೂ ಇಲ್ಲದೆ ಬರೀ ಲ್ಯಾಬ್ ರಿಪೋರ್ಟಿನಲ್ಲಿ ಕಾಣುವುದು ‘ಜೀವರಾಸಾಯನಿಕ ಲೀಕ್’ ಮಾತ್ರ. ನಳಿಗೆ ಮೂರು ವಾರ ದಾಟಿ ಉಳಿದರೆ, ಸೂಜಿ ಹಾಕಿ ಕೀವು ತೆಗೆಯಬೇಕಾಗಿ ಬಂದರೆ ಬಿ. ಮತ್ತೆ ಹೊಟ್ಟೆ ತೆರೆಯಬೇಕಾದರೆ, ಅಂಗಗಳು ಸೋತರೆ, ಜೀವ ಹೋದರೆ ಸಿ.

ನನ್ನ ಪ್ರಶ್ನೆ ಇದೇ. ಡಾಕ್ಟರ ಹಳೆಯ ಲೇಖನಗಳ ‘ಫಿಸ್ಟುಲಾ’ ಒಂದು ಅರ್ಥದ್ದು, 2005ರ ನಂತರದ್ದು ಇನ್ನೊಂದು, 2016ರ ನಂತರದ್ದು ಮತ್ತೊಂದು. ಕನ್ನಡದಲ್ಲಿ ಎಲ್ಲಕ್ಕೂ ‘ಸೋರಿಕೆ’ ಎಂದರೆ ಮೂವತ್ತು ವರ್ಷದ ವಾದವೇ ಅಳಿಸಿಹೋಗುತ್ತದೆ. ಕಾಲಕ್ಕೆ ತಕ್ಕಂತೆ ಪದ ಬದಲಿಸಬೇಕೋ, ಒಂದೇ ಪದ ಇಟ್ಟು ಪ್ರತಿ ಅಧ್ಯಾಯದಲ್ಲಿ ಅರ್ಥ ಹೇಳಬೇಕೋ?

ಕರಡಿನಲ್ಲಿ ಬಂದ ಪದಗಳು ಹೀಗಿವೆ. ‘ಮೇದೋಜೀರಕ ಭಗಂದರ’ ಎಂದು ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ, ಭಗಂದರ ಎಲ್ಲಿ ಆಗುತ್ತದೆ ಅಂತ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ‘ನಾಳವ್ರಣ’ಕ್ಕೆ ಸುಶ್ರುತನ ‘ನಾಡೀವ್ರಣ’ದ ಬಲ ಇದೆ, ಆದರೆ ‘ಪಿತ್ತನಾಳದ ನಾಳವ್ರಣ’ ಎಂದು ಓದುವಾಗ ನಾಲಿಗೆ ತೊಡರುತ್ತದೆ, ‘ವ್ರಣ’ ಎಂದರೆ ಹುಣ್ಣೇ ಕಣ್ಣಿಗೆ ಬರುತ್ತದೆ. ‘ಸೋರಿಕೆ’ ಈಗ ಪ್ರಶ್ನೆಪತ್ರಿಕೆಗೂ ತೆರಿಗೆಗೂ ಹೋಗಿ ಸವೆದಿದೆ, ಆದರೂ ಪದ ಗಟ್ಟಿ.

ನನ್ನ ಮನಸ್ಸು ವಾಲಿರುವುದು ‘ಒಸರು’ ಮತ್ತು ‘ಸೋರಿಕೆ’ ಜೋಡಿಯ ಕಡೆ. ಮಳೆಗಾಲದಲ್ಲಿ ‘ಗ್ವಾಡಿ ಒಸರತೈತಿ’ ಅಂದರೆ ಯಾರೂ ಎದ್ದು ಓಡುವುದಿಲ್ಲ, ‘ಮಾಳಿಗಿ ಸೋರತೈತಿ’ ಅಂದರೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಹತ್ತಬೇಕು. 2016ರ ಗೆರೆ ಹೆಚ್ಚುಕಡಿಮೆ ಇದೇ ಅಲ್ಲವೇ? ರಿಪೋರ್ಟಿನಲ್ಲಿ ಮಾತ್ರ ಕಾಣುವುದು ‘ಒಸರು’, ವೈದ್ಯರು ಕೈಹಾಕಬೇಕಾದದ್ದು ‘ಸೋರಿಕೆ’. ಒಬ್ಬ ಶಿಷ್ಯರಿಗೆ ‘ಒಸರು’ ಹಳ್ಳಿ ಮಾತೆನಿಸಿದೆ. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಆದರೆ ಮೈಸೂರು, ಮಂಗಳೂರು ಕಡೆ ‘ಒಸರು’, ‘ಜಿನುಗು’ ಇವೆರಡರಲ್ಲಿ ಯಾವುದು ಕಡಿಮೆ, ಯಾವುದು ಹೆಚ್ಚು? ಅಲ್ಲಿ ಅರ್ಥ ತಿರುವುಮುರುವಾದರೆ ಇಡೀ ಕೋಷ್ಟಕ ಕೆಡುತ್ತದೆ. ‘ಒಸರು’ ಕ್ರಿಯಾಪದವಾಗಿಯೂ ನಾಮಪದವಾಗಿಯೂ ಸಲ್ಲುತ್ತದೆ ಎಂದುಕೊಂಡಿದ್ದೇನೆ, ವ್ಯಾಕರಣ ಬಲ್ಲವರು ನೋಡಬೇಕು.

ಕೊನೆಯದು ಗದಗ, ಹಾವೇರಿ ಕಡೆಯವರಿಗೆ. ಡಾಕ್ಟರ ಭಾಷಣವೊಂದರಲ್ಲಿ ‘ಕಾಮಣಿ’ (ಕಾಮಾಲೆ) ಪದ ಮತ್ತೆ ಮತ್ತೆ ಬರುತ್ತದೆ. ಸೋಂಕಿನಿಂದ ಬಂದ ಕಾಮಣಿ ಹೆಚ್ಚಿನವರಲ್ಲಿ ತಾನೇ ಇಳಿಯುತ್ತದೆ, ಕೀರ್ತಿ ಬೇರು ಅರೆದು ಕೊಟ್ಟವರಿಗೆ ಹೋಗುತ್ತದೆ. ಪಿತ್ತನಾಳ ಕಟ್ಟಿ ಬಂದದ್ದು ಹಾಗೆ ಇಳಿಯುವುದಿಲ್ಲ: ಎಷ್ಟೋ ಸಲ ಹೊಟ್ಟೆನೋವಿಲ್ಲದೆ ಕಣ್ಣು ದಿನೇದಿನೇ ಹಳದಿ, ಮೈತುಂಬ ತುರಿಕೆ, ಮಲ ಬಿಳಿಚಿ ಮಣ್ಣಿನ ಬಣ್ಣ. ಮೇದೋಜೀರಕದ ತಲೆಯಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ. ಸೋಂಕಿನದಕ್ಕೂ ಇದಕ್ಕೂ ಒಂದೇ ಹೆಸರಿರುವುದರಿಂದ ಚುಟಿಗೆ (ಬರೆ) ಹಾಕಿಸಿಕೊಂಡು, ಪಥ್ಯ ಮುಗಿಸಿ ತಡವಾಗಿ ಬರುತ್ತಾರೆ ಎಂಬುದು ಅವರ ದೂರು. ‘ಅವರೋಧಕ ಕಾಮಾಲೆ’ ಎಂದು ಬರೆದರೆ ಯಾವ ರೋಗಿಗೂ ತಿಳಿಯದು. ‘ಕಟ್ಟುಕಾಮಣಿ’ ಎಂದು ಹೊಸದಾಗಿ ಕಟ್ಟಬಹುದೇ? ತುರಿಕೆಯ ಕಾಮಣಿಗೆ ನಿಮ್ಮ ಊರುಗಳಲ್ಲಿ, ಔಷಧಿ ಕೊಡುವವರ ಬಾಯಲ್ಲಿ ಮೊದಲೇ ಬೇರೆ ಹೆಸರು ಇದ್ದರೆ ಅದನ್ನೇ ಬಳಸುತ್ತೇನೆ. ಯಾವ ಊರಿನಲ್ಲಿ ಕೇಳಿದ್ದು ಎಂದೂ ಬರೆಯಿರಿ, ಕರಡು ಇನ್ನೂ ನನ್ನ ಮೇಜಿನ ಮೇಲೇ ಇದೆ.