ಮಕ್ಕಳಿಗೆ ‘ಮಾಯಾಬಜಾರ್’ ತೋರಿಸಿದವರು ಅನುಭವ ಹೇಳುವಿರಾ?

ಪ್ರಶ್ನೆ: ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಮನೆಗೆ ಬಂದಿದ್ದಾರೆ. ನಮ್ಮ ಅತ್ತೆಯವರಿಗೆ 1957ರ ‘ಮಾಯಾಬಜಾರ್’ ಎಂದರೆ ಪ್ರಾಣ. ಮಕ್ಕಳೊಂದಿಗೆ ಕುಳಿತು ಇನ್ನೊಮ್ಮೆ ನೋಡಬೇಕೆಂದು ಅವರ ಆಸೆ. ಆದರೆ ಮಕ್ಕಳಿಗೆ ತೆಲುಗು ಬಾರದು, ಚಿತ್ರ ಕಪ್ಪುಬಿಳುಪಿನದು, ಅದೂ ಮೂರು ಗಂಟೆಗೂ ಮೀರಿದ್ದು. ಮಕ್ಕಳು ಅರ್ಧಕ್ಕೇ ಎದ್ದು ಹೋದರೆ ಅತ್ತೆಯವರಿಗೆ ಬೇಸರವಾಗುತ್ತದೆ. ತೋರಿಸಿದವರು ಹೇಗೆ ತೋರಿಸಿದಿರಿ?

ಕುಂದಾಪುರದಿಂದ: ಮೊದಲು ಕಥೆ ಹೇಳಿಬಿಡಿ. ನಮ್ಮ ಕಡೆಯ ಮಕ್ಕಳಿಗೆ ಇದು ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ದಿಂದ ಗೊತ್ತಿರುವ ಕಥೆಯೇ. ಬಲರಾಮನ ಮಗಳು ಪ್ರಸಂಗದಲ್ಲಿ ಕನಕಾಂಗಿ, ಸಿನಿಮಾದಲ್ಲಿ ಶಶಿರೇಖೆ. ಅವಳಿಗೆ ಅಭಿಮನ್ಯುವಿನ ಮೇಲೆ ಮನಸ್ಸು. ಪಾಂಡವರು ಜೂಜಿನಲ್ಲಿ ಸೋತು ಕಾಡು ಸೇರಿದ ಮೇಲೆ ಹಿರಿಯರು ಕೊಟ್ಟ ಮಾತು ಮುರಿದು, ದುರ್ಯೋಧನನ ಮಗನಿಗೆ ಮದುವೆ ನಿಶ್ಚಯಿಸುತ್ತಾರೆ. ಕೃಷ್ಣನ ಉಪಾಯ, ಘಟೋತ್ಕಚನ ಮಾಯೆ ಸೇರಿ ಆ ಮದುವೆಯನ್ನು ತಲೆಕೆಳಗು ಮಾಡುತ್ತವೆ. ಊಟದ ಹೊತ್ತಿನಲ್ಲಿ ಇಷ್ಟು ಹೇಳಿಟ್ಟರೆ ಸಾಕು, ಭಾಷೆ ಅಡ್ಡ ಬರುವುದಿಲ್ಲ. ಪಾಂಡವರ ಸುತ್ತಲೇ ನಡೆಯುವ ಈ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಅದನ್ನು ಮಾತ್ರ ಮೊದಲೇ ಹೇಳಬೇಡಿ. ಭೀಮ ಯಾವಾಗ ಬರುತ್ತಾನೆ ಎಂದು ನಮ್ಮ ಹುಡುಗ ಕೊನೆಯವರೆಗೂ ಕಾದು ಕುಳಿತಿದ್ದ.

ಬಳ್ಳಾರಿಯಿಂದ: ನಮ್ಮ ಮನೆಯಲ್ಲಿ ತೆಲುಗು ಬಲ್ಲವರೂ ಇದ್ದಾರೆ, ಬಾರದವರೂ ಇದ್ದಾರೆ. ಎಲ್ಲರೂ ಒಂದೇ ಜಾಗದಲ್ಲಿ ನಗುತ್ತಾರೆ. ಮಾತು ತಿಳಿದವರಿಗೆ ಪಿಂಗಳಿ ನಾಗೇಂದ್ರರಾವ್ ಅವರ ಸಂಭಾಷಣೆಯ ಸವಿ ಹೆಚ್ಚುವರಿ ಲಾಭ, ಅಷ್ಟೇ.

ಮಕ್ಕಳನ್ನು ಹಿಡಿದು ಕೂರಿಸುವುದು ಗುಟ್ಟು. ಘಟೋತ್ಕಚ ಮಲಗಿದ್ದ ಶಶಿರೇಖೆಯನ್ನು ಹೊತ್ತೊಯ್ದು ಬಿಟ್ಟು, ತಾನೇ ಅವಳ ರೂಪ ಧರಿಸಿ ಬಂದಿದ್ದಾನೆ. ಇದು ನೋಡುವವರಿಗೆ ಗೊತ್ತು, ಮದುವೆಮನೆಯವರಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಶಶಿರೇಖೆಯ ಪಾತ್ರದ ಸಾವಿತ್ರಿಯವರನ್ನೇ ನೋಡುತ್ತಿರಿ. ಯಾರಾದರೂ ಎದುರಿಗಿದ್ದರೆ ತಲೆತಗ್ಗಿಸಿದ ಮದುಮಗಳು. ಅವರು ಅತ್ತ ತಿರುಗಿದೊಡನೆ ಹೆಗಲು ಅಗಲವಾಗುತ್ತದೆ, ನಡಿಗೆ ಭಾರವಾಗುತ್ತದೆ, ಕಣ್ಣಲ್ಲಿ ರಾಕ್ಷಸ ಇಣುಕುತ್ತಾನೆ. ಹಾಡಿನಲ್ಲಂತೂ ಪಿ. ಸುಶೀಲ ಅವರ ದನಿಯ ನಡುವೆ ಘಂಟಸಾಲರ ಗಂಡುದನಿ ನುಗ್ಗಿಬರುತ್ತದೆ. ರೇಲಂಗಿಯವರ ಮದುಮಗ ಲಕ್ಷ್ಮಣಕುಮಾರ ಹಿಗ್ಗಿನಿಂದ ಪಕ್ಕದಲ್ಲಿ ನಿಂತರೆ, ಮದುಮಗಳು ಅವನ ಕಾಲನ್ನು ತುಳಿದೇಬಿಡುತ್ತಾಳೆ. ಇಷ್ಟೆಲ್ಲ ಅಭಿನಯಿಸಿದಾಗ ಸಾವಿತ್ರಿಯವರಿಗೆ ಇನ್ನೂ ಚಿಕ್ಕ ವಯಸ್ಸು. ಅಂಥ ನಟಿ ಮತ್ತೆ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಎಸ್.ವಿ. ರಂಗಾರಾವ್ ಅವರ ಘಟೋತ್ಕಚ. ಮದುವೆಯ ಅಡುಗೆಯ ಮುಂದೆ ಒಬ್ಬನೇ ಕುಳಿತು ಹಾಡುತ್ತಾನೆ, ಲಡ್ಡುಗಳು ತಾವಾಗಿಯೇ ಎದ್ದು ಅವನ ಬಾಯಿಗೆ ಹಾರುತ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ತೆಗೆದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಿಲ್ಲಿಸಿ ಹಿಂದಕ್ಕೆ ಓಡಿಸಿ ನೋಡಲಿ, ಬಿಡಿ. ನಿರ್ದೇಶಕ ಕೆ.ವಿ. ರೆಡ್ಡಿ, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಇಬ್ಬರೂ ಕೈಚಳಕವನ್ನು ಕಥೆಗೆ ಹೊಲಿದುಬಿಟ್ಟಿದ್ದಾರೆ, ಆದ್ದರಿಂದಲೇ ಅದು ಹಳತಾಗಿಲ್ಲ. ಯುದ್ಧ, ರಕ್ತ ಎಂದು ಹೆದರಬೇಕಿಲ್ಲ. ಮಾಯೆಯ ಪೆಟ್ಟು ಬೀಳುವುದು ಜಂಬಕ್ಕೆ, ದುರಾಸೆಗೆ. ತಾನಾಗಿಯೇ ಸುತ್ತಿಕೊಳ್ಳುವ ಕಂಬಳಿ, ಮಲಗಿದವನನ್ನು ಕೆಡಹುವ ಮಂಚ, ಹತ್ತಿ ನಿಂತವನ ಬಾಯಿಂದ ನಿಜ ಹೊರಡಿಸುವ ಪೆಟ್ಟಿಗೆ. ಶಕುನಿ ಅದನ್ನು ಹತ್ತಿ ತನ್ನ ಕುತಂತ್ರವನ್ನೆಲ್ಲ ತಾನೇ ಒದರುತ್ತಾನೆ. ಕೆಟ್ಟವರು ಸೋಲುವುದನ್ನು ಯಾರೂ ಸಾಯದೆ ನೋಡುವ ಖುಷಿ ಮಕ್ಕಳಿಗೆ ಬಹಳ ಬೇಕು, ದೊಡ್ಡವರಿಗೂ ಬೇಕು.

ಮೈಸೂರಿನಿಂದ: ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಆರಂಭದ ಭಾಗ ನಿಧಾನ. ಅಭಿಮನ್ಯು ತಾಯಿಯೊಂದಿಗೆ ಕಾಡಿಗೆ ಬಂದು ಘಟೋತ್ಕಚನನ್ನು ಎದುರಿಸುವಲ್ಲಿಗೆ ನಿಲ್ಲಿಸಿ. ಮರುದಿನ ಮಕ್ಕಳೇ ಬಂದು ಹಾಕಿ ಎನ್ನುತ್ತಾರೆ. ಅತ್ತೆಯವರನ್ನು ನಡುವೆ ಕೂರಿಸಿ, ಮಾತು ಅವರೇ ಬಿಡಿಸಿ ಹೇಳಲಿ. ಅಡಿಬರಹ ಓದುವುದಕ್ಕಿಂತ ಅದು ನೂರು ಪಾಲು ಮೇಲು.

ಬಣ್ಣದ ಬಗ್ಗೆ: 2010ರಲ್ಲಿ ಬಣ್ಣ ತುಂಬಿದ ಆವೃತ್ತಿ ಬಂದಿದೆ, ಉದ್ದವೂ ಸ್ವಲ್ಪ ಕಡಿಮೆ. ಚಿಕ್ಕವರಿಗೆ ಅದನ್ನೇ ಹಾಕಿ, ತಪ್ಪಿಲ್ಲ. ಆದರೆ ‘ಲಾಹಿರಿ ಲಾಹಿರಿ’ ದೋಣಿಯ ಹಾಡನ್ನು ದಯವಿಟ್ಟು ಮೂಲ ಕಪ್ಪುಬಿಳುಪಿನಲ್ಲೇ ತೋರಿಸಿ. ಮೊದಲು ಅಭಿಮನ್ಯು-ಶಶಿರೇಖೆ, ಆಮೇಲೆ ಕೃಷ್ಣ-ರುಕ್ಮಿಣಿ, ಕೊನೆಗೆ ಬಲರಾಮ-ರೇವತಿ ಅದೇ ದೋಣಿಯಲ್ಲಿ ವಿಹರಿಸುತ್ತಾರೆ. ಬಾರ್ಟ್ಲಿಯವರ ಆ ಬೆಳದಿಂಗಳು ಬಣ್ಣದಲ್ಲಿ ಮಂಕಾಗಿದೆ. ಅತ್ತೆಯವರಿಗೂ ಅದೇ ಇಷ್ಟವಾಗುತ್ತದೆ, ಕೇಳಿ ನೋಡಿ.