ಬ್ರಿಟನ್–ಯುರೋಪ್ ರಾಜಕೀಯದ ಬಗ್ಗೆ ಸಂದರ್ಶನ: ಏನೇನು ಸಿದ್ಧ ಮಾಡ್ಕೋಬೇಕು?

ತುಂಗಾತೀರ:
ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಮುಂದಿನ ಶನಿವಾರ ಅತಿಥಿಯೊಬ್ಬರನ್ನು ನಾನು ಒಂದು ಗಂಟೆ ಸಂದರ್ಶನ ಮಾಡಬೇಕು. ವಿಷಯ ಬ್ರಿಟನ್ ಮತ್ತು ಯುರೋಪಿನ ಈಗಿನ ರಾಜಕೀಯ. ಕೇಳೋಕೆ ಬರೋರು ಡಿಗ್ರಿ ಹುಡುಗರು, ಜೊತೆಗೆ ಊರಿನ ಬೆಳೆಗಾರರು. "ಬ್ರಿಟನ್ ಯುರೋಪ್ ಬಿಟ್ಟಾಯ್ತಲ್ಲ, ಮತ್ತೆ ಯುರೋಪಿನ ಕೋರ್ಟ್ ಅದನ್ನು ತಡೆಯೋದು ಹೇಗೆ?" ಅನ್ನೋ ಥರದ ಪ್ರಶ್ನೆ ಬಂದ್ರೆ ಮಾತು ಅಲ್ಲೇ ಸಿಕ್ಕಿಬೀಳುತ್ತೆ. ಮೊದಲೇ ಏನು ಬಿಡಿಸಿಡಬೇಕು?

ಹೊಸನಗರದವ:
ಆ ಗೊಂದಲಕ್ಕೆ ಮೂಲ ಒಂದೇ, ಎರಡು ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಅಂದುಕೊಳ್ಳೋದು. ಯುರೋಪಿಯನ್ ಯೂನಿಯನ್‌ಗೆ 27 ಸದಸ್ಯರು. ಬ್ರಿಟನ್ ಹೊರಬಂದಿದ್ದು ಇದರಿಂದ, 2020ರ ಜನವರಿ 31ಕ್ಕೆ. ಇದರ ಕೋರ್ಟ್ ಲಕ್ಸೆಂಬರ್ಗ್‌ನಲ್ಲಿದೆ. ಕೌನ್ಸಿಲ್ ಆಫ್ ಯುರೋಪ್ ಅನ್ನೋದು ಬೇರೆ. 1949ರಲ್ಲಿ ಹುಟ್ಟಿದ್ದು, 46 ಸದಸ್ಯರು, ಬ್ರಿಟನ್ ಸ್ಥಾಪಕ ಸದಸ್ಯ, ಇವತ್ತಿಗೂ ಒಳಗೇ ಇದೆ. ಮಾನವ ಹಕ್ಕುಗಳ ಕೋರ್ಟ್ ಇದರದ್ದು, ಇರೋದು ಸ್ಟ್ರಾಸ್‌ಬರ್ಗ್‌ನಲ್ಲಿ. 2022ರ ಜೂನ್ 14ರಂದು, ಆಶ್ರಯ ಕೋರಿ ಬ್ರಿಟನ್‌ಗೆ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸಲು ಹೊರಟಿದ್ದ ವಿಮಾನ ನಿಂತಿದ್ದು ಈ ಕೋರ್ಟಿನ ಮಧ್ಯಂತರ ಆದೇಶದಿಂದ.

ಬಾವುಟ ನೋಡಿ ಗುರುತು ಹಿಡಿಯೋಣ ಅಂದ್ರೆ ಆಗಲ್ಲ. ನೀಲಿ ಮೇಲೆ 12 ನಕ್ಷತ್ರ, ಎರಡಕ್ಕೂ ಅದೇ. ಸಾಲದ್ದಕ್ಕೆ ಯೂನಿಯನ್ನಿನ ಪಾರ್ಲಿಮೆಂಟೂ ಸ್ಟ್ರಾಸ್‌ಬರ್ಗ್‌ನಲ್ಲೇ ಸೇರುತ್ತೆ. ಸರ್ಕಾರಗಳ ಮುಖ್ಯಸ್ಥರು ಸೇರೋ ಯುರೋಪಿಯನ್ ಕೌನ್ಸಿಲ್ ಮತ್ತೂ ಬೇರೆ. ಕನ್ನಡದಲ್ಲಿ ಎಲ್ಲದಕ್ಕೂ "ಯುರೋಪ್ ಮಂಡಳಿ" ಅಂದುಬಿಟ್ರೆ ಕೆಟ್ಟಿತು. ಹೆಸರು, ಊರು, ಸದಸ್ಯರ ಸಂಖ್ಯೆ, ಈ ಮೂರನ್ನು ಮೊದಲೇ ಬೋರ್ಡ್ ಮೇಲೆ ಬರೆದುಬಿಡಿ.

ಸಾಗರ_ಓದುಗ:
ಚುನಾವಣೆ ಮಾತು ಬಂದಾಗ ಸೀಟಿನ ಪಕ್ಕದಲ್ಲೇ ಮತದ ಪಾಲನ್ನೂ ಕೇಳಿ. 2024ರ ಜುಲೈನಲ್ಲಿ ಬ್ರಿಟನ್ನಿನ ಲೇಬರ್ ಪಕ್ಷಕ್ಕೆ ಸುಮಾರು ಶೇ 34 ಮತ, 650ರಲ್ಲಿ 411 ಸೀಟು. ರಿಫಾರ್ಮ್ ಯುಕೆ ಪಕ್ಷಕ್ಕೆ ಶೇ 14 ಮತ, ಸೀಟು 5. ಅದಕ್ಕಿಂತ ಕಡಿಮೆ, ಶೇ 12 ಪಡೆದ ಲಿಬರಲ್ ಡೆಮಾಕ್ರಾಟರಿಗೆ 72, ಯಾಕಂದ್ರೆ ಅವರ ಮತ ಕೆಲವೇ ಕ್ಷೇತ್ರಗಳಲ್ಲಿ ಗುಡ್ಡೆಯಾಗಿತ್ತು. ನಮ್ಮಲ್ಲಿ 2018ರಲ್ಲಿ ಕಾಂಗ್ರೆಸ್ ಮತ ಹೆಚ್ಚು ಪಡೆದೂ ಬಿಜೆಪಿಗಿಂತ ಕಡಿಮೆ ಸೀಟು ಗೆದ್ದಿದ್ದನ್ನು ನೆನಪಿಸಿದ್ರೆ ಹುಡುಗರಿಗೆ ತಕ್ಷಣ ಹೊಳೆಯುತ್ತೆ. ಅತಿಥಿ "ಜನಾದೇಶ" ಅಂದ ಕೂಡಲೇ "ಎಷ್ಟು ಶೇಕಡ ಜನರದ್ದು?" ಅಂತ ಕೇಳಿ, ಸುಮ್ಮನೆ ಬಿಡಬೇಡಿ.

ಕೊಪ್ಪ_ಕಾಫಿ:
ಬೆಳೆಗಾರರು ಬರ್ತಾರೆ ಅಂದ್ರೆ ಯೂನಿಯನ್ನಿನ ಅರಣ್ಯನಾಶ ತಡೆ ನಿಯಮವನ್ನು ಬಿಡಬೇಡಿ ಮಾರಾಯ್ರೆ. ಯೂನಿಯನ್ನಿನ ಕೇಂದ್ರವಾದ ಬ್ರಸೆಲ್ಸ್‌ನ ಜಗಳ ನಮ್ಮ ಕಣದ ತನಕ ಬರೋದು ಇಲ್ಲೇ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ, ರಬ್ಬರ್, ಮರ ಅಲ್ಲಿ ಮಾರುವ ಹಾಗಿಲ್ಲ. ಅಡಿಕೆ, ಕಾಳುಮೆಣಸು, ಏಲಕ್ಕಿ ಪಟ್ಟಿಯಲ್ಲಿಲ್ಲ. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. ಈಗಿನ ಗಡುವು ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಭಾರತ ಕಡಿಮೆ ಅಪಾಯದ ಪಟ್ಟಿಯಲ್ಲಿದ್ರೂ ತೋಟದ ಜಾಗದ ಗುರುತು ಕೊಡಲೇಬೇಕು. 4 ಹೆಕ್ಟೇರ್, ಅಂದ್ರೆ ಹತ್ತಿರ ಹತ್ತಿರ 10 ಎಕರೆ ತನಕ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಿದ್ರೆ ಸುತ್ತಲಿನ ಗಡಿ ಪೂರ್ತಿ.

ಎಡವೋದು ಅಂಕಿಯಲ್ಲಿ. ಜಾಗದ ಅಕ್ಷಾಂಶ, ರೇಖಾಂಶ ಎರಡರಲ್ಲೂ ದಶಮಾಂಶದ ನಂತರ ಆರು ಅಂಕಿ ಬೇಕು. ಎರಡೇ ಬರೆದ್ರೆ ಗುರುತು ಒಂದು ಕಿಲೋಮೀಟರ್ ತನಕ ಜಾರಿ ಪಕ್ಕದ ಕಾಡಿನೊಳಗೆ ಕೂರಬಹುದು. ತೀರ್ಥಹಳ್ಳಿ ಸುತ್ತ ಅಕ್ಷಾಂಶ 13, ರೇಖಾಂಶ 75. ಇವೆರಡನ್ನು ಅದಲುಬದಲು ಮಾಡಿದ್ರೆ ನಿಮ್ಮ ತೋಟ ನಾರ್ವೆ ಆಚೆಯ ಆರ್ಕ್‌ಟಿಕ್ ಸಮುದ್ರದಲ್ಲಿರುತ್ತೆ.

ಬ್ರಿಟನ್‌ಗೆ ಈ ನಿಯಮ ಅನ್ವಯಿಸಲ್ಲ, ಉತ್ತರ ಐರ್ಲೆಂಡ್ ಬಿಟ್ಟು. ಆದ್ರೆ ಲಂಡನ್‌ಗೆ ಹೋದ ಬೀಜ ಅಲ್ಲಿಂದ ಜರ್ಮನಿಗೆ ದಾಟಿದ್ರೆ ದಾಖಲೆ ಕೇಳ್ತಾರೆ. ಅತಿಥಿಗೆ ಕೇಳಬೇಕಾದ ಪ್ರಶ್ನೆ ಇದು: ಈ ದಾಖಲೆಯ ಖರ್ಚು ಕೊಳ್ಳೋರ ಮೇಲೆ ಬೀಳುತ್ತಾ, ಎರಡೆಕರೆ ತೋಟದವನ ಮೇಲಾ?

ತುಂಗಾತೀರ:
ಹಂಗಾದ್ರೆ ಕಾಫಿಯಿಂದಲೇ ಶುರು ಮಾಡ್ತೀನಿ, ಅದಕ್ಕೆ ಇಪ್ಪತ್ತು ನಿಮಿಷ. ಕೋರ್ಟುಗಳ ವಿಷಯ ಬೋರ್ಡ್ ಮೇಲೆ ಇರುತ್ತೆ.