ತೋಟದ ಇಲಿಗೆ ಬೋನು ಇಡಿ, ಉರುಳು ಮಾತ್ರ ಬೇಡ

ಕೊಕ್ಕೋ ಕಾಯಿಗೆ ತೂತು ಬೀಳುತ್ತಿದೆ, ತೆಂಗಿನ ಎಳೆ ಬೊಂಡ ಉದುರುತ್ತಿದೆ, ಅಲಸಂಡೆ ಬಳ್ಳಿಯನ್ನು ಮೊಲ ತಿನ್ನುತ್ತಿದೆ, ಎಲ್ಲದಕ್ಕೂ ಸೇರಿಸಿ ಉರುಳು ಹಾಕಲೇ ಅಂತ ಕೇಳಿದ್ದೀರಿ. ನಮ್ಮದೂ ಪುತ್ತೂರು ಕಡೆಯ ಅಡಿಕೆ ತೋಟ, ನಡುವೆ ಕೊಕ್ಕೋ ಇದೆ. ನಾವೂ ಅಕ್ಕಪಕ್ಕದವರೂ ಮಾಡುವುದನ್ನು ಹೇಳುತ್ತೇನೆ.

ಮೊದಲು ಕಳ್ಳ ಯಾರು ಅಂತ ನೋಡಿ. ಕೊಕ್ಕೋ ಕಾಯಿಯ ತೂತು ತೊಟ್ಟಿನ ಹತ್ತಿರ ಇದ್ದರೆ ಸಾಮಾನ್ಯವಾಗಿ ಇಲಿ, ಕಾಯಿಯ ನಡುಭಾಗದಲ್ಲಿ ಇದ್ದರೆ ಅಳಿಲು. ಬಿದ್ದ ಬೊಂಡದಲ್ಲೂ ಇಲಿ ಕೊರೆದ ತೂತು ತೊಟ್ಟಿನ ಕಡೆಗೇ ಇರುತ್ತದೆ. ಅಳಿಲಿಗೆ ಬೋನು ಇಡುವುದು ಬೇಡ. ಕಾಯಿ ಹಣ್ಣಾಗುತ್ತಿದ್ದಂತೆ ಕೊಯ್ದುಬಿಡಿ, ಮರದಲ್ಲೇ ಬಿಟ್ಟಷ್ಟೂ ಎರಡರ ಕಾಟವೂ ಜಾಸ್ತಿ.

ನೆಲದ ಇಲಿ, ಹೆಗ್ಗಣಕ್ಕೆ ಬಿಲ ಹುಡುಕಬೇಕು. ಸಂಜೆ ಎಲ್ಲ ಬಿಲಗಳ ಬಾಯಿಗೆ ಮಣ್ಣು ಮೆತ್ತಿ ಬನ್ನಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಬೋನು ಅದರ ದಾರಿಯಲ್ಲೇ ಇರಲಿ. ಆದರೆ ಮೊದಲ ರಾತ್ರಿಯೇ ಬಿಗಿಯಬೇಡಿ! ಇಲಿಗೆ ಹೊಸ ವಸ್ತು ಕಂಡರೆ ಅನುಮಾನ, ಹತ್ತಿರ ಬರುವುದಿಲ್ಲ. ಎರಡು ಮೂರು ರಾತ್ರಿ ಬಾಗಿಲು ತೆರೆದೇ ಇಟ್ಟು, ಸುಟ್ಟ ಕೊಬ್ಬರಿ ಚೂರೋ ಒಣ ಮೀನೋ ಹಾಕಿ ಸುಮ್ನೆ ತಿನ್ನಲು ಬಿಡಿ. ಅಭ್ಯಾಸ ಆದ ಮೇಲೆ ಬಿಗಿಯಿರಿ. ಒಂದೇ ಬೋನು ಸಾಲದು, ಒಂದೇ ರಾತ್ರಿ ಹಲವು ಕಡೆ ಇಡಬೇಕು. ಇಲಿಯ ಬಸಿರು ಮೂರು ವಾರದ್ದು, ಒಂದೊಂದಾಗಿ ಹಿಡಿಯುತ್ತಾ ಕೂತರೆ ನಮಗಿಂತ ಅದೇ ಮುಂದೆ. ಹಿಡಿದದ್ದನ್ನು ಪಕ್ಕದವರ ತೋಟದಲ್ಲಿ ಬಿಡುವುದು ನ್ಯಾಯ ಅಲ್ಲ. ಪಟ್ಟನೆ ಬಡಿದು ಮುಗಿಸುವ ಸ್ಪ್ರಿಂಗ್ ಬೋನು ಇಲಿಗೂ ಕಡಿಮೆ ಹಿಂಸೆ. ಅಂಟಿನ ಹಲಗೆ ಮಾತ್ರ ಖಂಡಿತ ಬೇಡ, ಹಲ್ಲಿ, ಹಕ್ಕಿ ಎಲ್ಲ ಅಂಟಿಕೊಂಡು ನರಳಿ ಸಾಯುತ್ತವೆ.

ತೆಂಗಿನ ಮಂಡೆಯಲ್ಲೇ ಗೂಡು ಮಾಡಿದ ಇಲಿಗೆ ನೆಲದ ಬೋನು ಏನೂ ಮಾಡದು. ಮಂಡೆ ಶುಚಿ ಮಾಡಿಸಿ, ಕಾಂಡಕ್ಕೆ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ನುಣುಪು ತಗಡು ಸುತ್ತಿಸಿ, ಹತ್ತುವಾಗ ಜಾರುತ್ತದೆ. ಪಕ್ಕದ ಮರದ ಗರಿ ತಾಗುತ್ತಿದ್ದರೆ ಮಾತ್ರ ತಗಡು ದಂಡ, ಅಲ್ಲಿಂದಲೇ ದಾಟಿ ಬರುತ್ತದೆ.

ಈಗ ಉರುಳಿನ ವಿಷಯ. ದಯವಿಟ್ಟು ಹಾಕಬೇಡಿ. ಅದಕ್ಕೆ ಮೊಲ ಯಾವುದು, ಮುಂಗುಸಿ ಯಾವುದು ಅಂತ ಗೊತ್ತಾಗುವುದಿಲ್ಲ. ಪುನುಗು ಬೆಕ್ಕು, ಉಡ, ಮನೆಯ ನಾಯಿ, ಎಲ್ಲಕ್ಕೂ ಅದೇ ಗತಿ. ಮಲೆನಾಡಿನ ತೋಟಗಳಲ್ಲಿ ಹಂದಿಗೆ ಹಾಕಿದ ಉರುಳಿಗೆ ಚಿರತೆ ಸಿಕ್ಕಿದ ಸುದ್ದಿ ನೀವೂ ಓದಿರುತ್ತೀರಿ, ಅಲ್ವಾ? ಮೊಲ, ಮುಳ್ಳುಹಂದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಾರಿಗಾಗಿ ಹಿಡಿದರೂ, ಬೆಳೆ ತಿಂದಿತು ಅಂತ ಹಿಡಿದರೂ ಅಪರಾಧವೇ. ಅಲಸಂಡೆ ಸಾಲಿನ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿ, ಅಡಿಭಾಗವನ್ನು ಮಣ್ಣಿನೊಳಗೆ ಹೂತುಬಿಡಿ. ಖರ್ಚು ಒಮ್ಮೆ ಮಾತ್ರ.

ವಿಷ ಇಡುವ ಮೊದಲೂ ಯೋಚಿಸಿ. ವಿಷ ತಿಂದ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ಅದಕ್ಕೂ ಅಪಾಯ. ಕಣಜದ ಗೂಬೆಯ ಮುಖ್ಯ ಆಹಾರವೇ ಇಲಿ, ಅದನ್ನು ಕಳೆದುಕೊಂಡರೆ ನಷ್ಟ ನಮಗೇ.

ಸತ್ತ ಇಲಿಯನ್ನಾಗಲಿ ಬೋನನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಜ್ವರ ಅದರ ಮೂತ್ರದಿಂದ ಹರಡುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಜಾಸ್ತಿ. ಕೈಗವಸು ಹಾಕಿ, ಸತ್ತದ್ದನ್ನು ಆಳವಾಗಿ ಹೂಳಿ. ಕಾಲಲ್ಲಿ ಗಾಯ ಇದ್ದ ದಿನ ಕೆಸರು ತುಳಿಯುವ ಕೆಲಸ ಬೇರೆಯವರಿಗೆ ಬಿಡಿ. ಆಮೇಲೆ ಜ್ವರ ಬಂದರೆ ಡಾಕ್ಟರ ಬಳಿ ಇಲಿ ಮುಟ್ಟಿದ್ದನ್ನೂ ಹೇಳಿ.